ಹಾಡು ಎಲ್ಲಿ ಕಟ್ ಆಗುತ್ತಿದೆ? ಮ್ಯೂಸಿಕ್ ಪ್ಲೇಯರ್, ವೈರ್‌ಲೆಸ್ ಹೆಡ್‌ಫೋನ್ ದೋಷ ಹುಡುಕುವ ದಾರಿ

ಎಲ್ಲರೂ ಫೋನಿನಲ್ಲೇ ಹಾಡು ಕೇಳುವ ಕಾಲ ಇದು. ಪ್ರತ್ಯೇಕ ಪ್ಲೇಯರ್ ಇಟ್ಟುಕೊಂಡವರು ಕಮ್ಮಿ. ನಾನು ಅವರಲ್ಲೊಬ್ಬ. ಕಾರಣ ದೊಡ್ಡದೇನಲ್ಲ. ಮಲ್ಲಿಕಾರ್ಜುನ ಮನ್ಸೂರರು ರಾಗ ಬಿಡಿಸುತ್ತಿರುವಾಗ ನಡುವೆ ಬ್ಯಾಂಕಿನ ಓಟಿಪಿ ಬಂದು ‘ಟಿಂಗ್’ ಅನ್ನಬಾರದು, ಅಷ್ಟೇ. ಅಂಗೈಯಗಲದ ಪ್ಲೇಯರ್, ಅದರೊಳಗೊಂದು ಮೆಮೊರಿ ಕಾರ್ಡ್, ತಲೆ ಮೇಲೆ ಬ್ಲೂಟೂತ್ ಹೆಡ್‌ಫೋನ್. ನಾಲ್ಕು ವರ್ಷದಿಂದ ಈ ಮೂವರ ಜೊತೆ ಸಂಸಾರ. ಸಂಸಾರ ಅಂದಮೇಲೆ ಜಗಳ ಇದ್ದದ್ದೇ.

ಜಗಳ ಬಂದಾಗಲೆಲ್ಲ ನಾನು ಮಾಡುತ್ತಿದ್ದ ತಪ್ಪು ಒಂದೇ. ‘ಬ್ಲೂಟೂತ್ ಸರಿ ಇಲ್ಲ’ ಅಂದುಬಿಡುವುದು. ಆಮೇಲೆ ರೀಸೆಟ್ ಮಾಡುವುದು, ಮತ್ತೆ ಪೇರ್ ಮಾಡುವುದು. ಎರಡು ದಿನ ಸರಿ ಹೋದ ಹಾಗೆ ಕಾಣುತ್ತಿತ್ತು. ಮೂರನೇ ದಿನ ಮತ್ತೆ ಅದೇ ಕತೆ. ಈಗ ಯಾವ ಬಟನ್ನೂ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕಟ್ ಆಗುತ್ತಿರುವುದು ಹಾಡಿನ ಅದೇ ಜಾಗದಲ್ಲಾ, ದಾರಿಯ ಅದೇ ಜಾಗದಲ್ಲಾ?

ಹಾಡಿನ ಅದೇ ಜಾಗದಲ್ಲಿ, ಅಂದರೆ ಪ್ರತಿ ಸಲವೂ 4 ನಿಮಿಷ 12 ಸೆಕೆಂಡಿಗೆ ಬಂದಾಗ ಮುಗ್ಗರಿಸಿದರೆ ತಪ್ಪು ಫೈಲಿನದು ಅಥವಾ ಕಾರ್ಡಿನದು. ಹಾಡು ಯಾವುದೇ ಇರಲಿ, ಅದೇ ಬಸ್ ಸ್ಟಾಪ್, ಅದೇ ಅಡುಗೆಮನೆ ಬಂದಾಗ ಕಟ್ ಆದರೆ ತಪ್ಪು ಗಾಳಿಯಲ್ಲಿದೆ. ಎರಡೂ ಅಲ್ಲ, ತಲೆ ತಿರುಗಿಸಿದಾಗ ಕಟ್ ಆಗುತ್ತೆ ಅಂದರೆ ನಿಮ್ಮ ಜೇಬು ನೋಡಿಕೊಳ್ಳಿ. ಕೇಳಲು ಶುರುಮಾಡಿ ಇಷ್ಟೇ ಹೊತ್ತಿಗೆ ನಿಲ್ಲುತ್ತೆ ಅಂದರೆ ಬ್ಯಾಟರಿ ಅಥವಾ ಟೈಮರ್. ಮುಕ್ಕಾಲು ಪಾಲು ಹುಡುಕಾಟ ಇಷ್ಟರಲ್ಲೇ ಮುಗಿಯುತ್ತದೆ. ಸ್ಕ್ರೂಡ್ರೈವರ್ ಹಿಡಿಯಬೇಕಿಲ್ಲ. ಎರಡು ದಿನ ಗಮನ ಇಟ್ಟು ಕೇಳಿದರೆ ಸಾಕು.

ಮೊದಲು ತಂತಿ ಚುಚ್ಚಿ ನೋಡಿ

ನನ್ನ ಬ್ಯಾಗಿನ ಸೈಡ್ ಜೇಬಿನಲ್ಲಿ ಒಂದು ಹಳೇ ವೈರ್ ಇಯರ್‌ಫೋನ್ ಯಾವಾಗಲೂ ಬಿದ್ದಿರುತ್ತದೆ. ಹಾಡು ಕೇಳಲು ಅಲ್ಲ, ಪಂಚಾಯ್ತಿ ಮಾಡಲು. ಪ್ಲೇಯರಿನ 3.5 ಮಿಮೀ ತೂತಿಗೆ ಅದನ್ನು ಚುಚ್ಚಿ ಅದೇ ಹಾಡು ಹಾಕಿ. ಈಗಲೂ ತೊಂದರೆ ಇದ್ದರೆ ಬ್ಲೂಟೂತ್ ಪಾಪ ನಿರಪರಾಧಿ. ಪ್ಲೇಯರ್ ಕಡೆ ಹುಡುಕಿ.

ತಂತಿಯಲ್ಲಿ ಸರಿ ಇದ್ದರೆ ಎರಡನೇ ಪರೀಕ್ಷೆ. ಹೆಡ್‌ಫೋನನ್ನು ನಿಮ್ಮ ಫೋನಿಗೆ ಜೋಡಿಸಿ, ಅದೇ ಜಾಗದಲ್ಲಿ ನಿಂತು ಕೇಳಿ. ಫೋನಿನ ಜೊತೆಗೂ ಕಟ್ ಆದರೆ ಹೆಡ್‌ಫೋನ್ ಅಥವಾ ಆ ಜಾಗ. ಫೋನಿನ ಜೊತೆ ಚೆನ್ನಾಗಿದ್ದು ಪ್ಲೇಯರ್ ಜೊತೆ ಮಾತ್ರ ಕಟ್ ಆದರೆ ಆ ಇಬ್ಬರ ನಡುವಿನ ವ್ಯವಹಾರ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಕಾರ್ಡ್ ಬದಲಾಯಿಸಿ, ಜೊತೆಗೇ ರೀಸೆಟ್ಟೂ ಮಾಡಿ, ಕೋಡೆಕ್ಕೂ (ಬ್ಲೂಟೂತ್‌ನಲ್ಲಿ ಕಳಿಸಲು ಹಾಡನ್ನು ಕುಗ್ಗಿಸುವ ವಿಧಾನ) ಬದಲಾಯಿಸಿದರೆ ತೊಂದರೆ ಹೋಗಬಹುದು. ಯಾವುದರಿಂದ ಹೋಯಿತು ಅಂತ ಗೊತ್ತಾಗಲ್ಲ, ಮುಂದಿನ ವಾರ ಮತ್ತೆ ಬಂದಾಗ ಮತ್ತೆ ಮೊದಲಿಂದ ಶುರು.

ಹಾಡಿನಲ್ಲೇ ಕಟ್ ಆದರೆ

ಮೊದಲು ಹಿಂದಕ್ಕೆ ಎಳೆದು ಮೂರು ಸಲ ಕೇಳಿ. ಮೂರು ಸಲವೂ ಅದೇ ಸೆಕೆಂಡಿಗೆ ಮುಗ್ಗರಿಸಿದರೆ, ಕಂಪ್ಯೂಟರಿನಲ್ಲಿರುವ ಮೂಲ ಫೈಲನ್ನು ಹಾಕಿ ನೋಡಿ. ಅಲ್ಲೂ ಅದೇ ಆದರೆ ಫೈಲೇ ಕೆಟ್ಟಿದೆ. ಸಿಡಿಯಿಂದ ತೆಗೆಯುವಾಗ ಗೀರು ಬಿದ್ದಿದ್ದ ಜಾಗ ಇರಬಹುದು, ಅರ್ಧಕ್ಕೇ ನಿಂತ ಡೌನ್‌ಲೋಡ್ ಇರಬಹುದು. ಕಂಪ್ಯೂಟರಿನಲ್ಲಿ ಸರಿ ಇದ್ದು ಪ್ಲೇಯರಿನಲ್ಲಿ ಮಾತ್ರ ಕಟ್ ಆದರೆ ಅನುಮಾನ ಕಾರ್ಡಿನ ಮೇಲೆ.

ನನ್ನ ಮೊದಲ ಕಾರ್ಡಿನ ಕತೆ ಕೇಳಿ. ಮೇಲೆ 128 ಜಿಬಿ ಅಂತ ಬರೆದಿತ್ತು. ಬೆಲೆ ಕಮ್ಮಿ ಅಂತ ಖುಷಿಯಾಗಿ ಕೊಂಡೆ. ಮೊದಲ ಎರಡು ತಿಂಗಳು ಏನೂ ತೊಂದರೆ ಇಲ್ಲ. ಆಮೇಲೆ ಹಾಕಿದ ಹಾಡುಗಳು ಎರಡು ಸೆಕೆಂಡ್ ಬಂದು ಮುಂದಿನದಕ್ಕೆ ಹಾರುತ್ತಿದ್ದವು. ಕೆಲವದರಲ್ಲಿ ಬರೀ ಕರಕರ. ಕಾಪಿ ಮಾಡುವಾಗ ಕಂಪ್ಯೂಟರ್ ಒಂದು ಮಾತೂ ಆಡಿರಲಿಲ್ಲ. ನಾನು ಪ್ಲೇಯರನ್ನು ಬೈದೆ, ಹಾಡು ಕೊಟ್ಟ ಗೆಳೆಯನನ್ನೂ ಬೈದೆ.

ನಕಲಿ ಕಾರ್ಡುಗಳ ಮಸಲತ್ತು ಇದೇ. ಒಳಗೆ ಇರುವ ಜಾಗ ಚಿಕ್ಕದು, ಆದರೆ ದೊಡ್ಡದು ಅಂತ ಸುಳ್ಳು ಹೇಳುವ ಹಾಗೆ ಒಳಗಿನ ಚಿಪ್ಪನ್ನು ತಿದ್ದಿರುತ್ತಾರೆ. ನಿಜವಾದ ಜಾಗ ತುಂಬುವ ತನಕ ಎಲ್ಲ ಸರಿ. ಆಮೇಲೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ, ಇಲ್ಲವೇ ಹಳೆಯದರ ಮೇಲೆ ಕೂರುತ್ತದೆ. ಫೈಲಿನ ಹೆಸರು, ಸೈಜು ಮಾತ್ರ ಸರಿಯಾಗಿ ಕಾಣುತ್ತಿರುತ್ತದೆ. ಇದನ್ನು ಹಿಡಿಯಲು ಪುಕ್ಕಟೆ ಸಾಫ್ಟ್‌ವೇರ್ ಇವೆ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ಗೆ ಎಫ್3. ಕಾರ್ಡ್ ಪೂರ್ತಿ ತುಂಬುವಷ್ಟು ಬರೆದು, ಬರೆದದ್ದನ್ನೆಲ್ಲ ಮತ್ತೆ ಓದಿ ತಾಳೆ ನೋಡುವುದು ಇವುಗಳ ಕೆಲಸ. ಸೆಕೆಂಡಿಗೆ 15 ಎಂಬಿ ಬರೆಯುವ ಕಾರ್ಡ್ ಆದರೆ 128 ಜಿಬಿ ತುಂಬಲು ಎರಡು ಗಂಟೆಗೂ ಜಾಸ್ತಿ ಬೇಕು. ನಾನು ರಾತ್ರಿ ಹಾಕಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಕಾರ್ಡಿನ ಬಂಡವಾಳ ಬಯಲಾಗಿತ್ತು. ಒಳಗಿದ್ದದ್ದು 30 ಜಿಬಿ ಕೂಡ ಇಲ್ಲ. ಹೊಸ ಕಾರ್ಡ್ ತಂದರೆ ಒಂದೇ ಒಂದು ಹಾಡು ಹಾಕುವ ಮೊದಲೇ ಈ ಪರೀಕ್ಷೆ ಮಾಡಿ. ವಾಪಸ್ ಕೊಡುವ ಅವಧಿ ಮುಗಿದ ಮೇಲೆ ಗೊತ್ತಾಗಿ ಏನು ಪ್ರಯೋಜನ?

ಕಾರ್ಡ್ ಅಸಲಿಯೇ ಇದ್ದು ಪ್ಲೇಯರ್ ಅದನ್ನು ಗುರುತಿಸುತ್ತಲೇ ಇಲ್ಲ ಅಂದರೆ ಫಾರ್ಮ್ಯಾಟ್, ಅಂದರೆ ಕಾರ್ಡಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ, ಯಾವುದು ನೋಡಿ. 32 ಜಿಬಿ ತನಕದ ಕಾರ್ಡುಗಳು ಫ್ಯಾಟ್32 ಆಗಿ ಬರುತ್ತವೆ, ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್. ಹಳೇ ಪ್ಲೇಯರುಗಳಲ್ಲಿ ಕೆಲವಕ್ಕೆ ಎಕ್ಸ್‌ಫ್ಯಾಟ್ ಓದಲು ಬರಲ್ಲ. ಪ್ಲೇಯರಿನ ಮೆನುವಿನಲ್ಲೇ ಫಾರ್ಮ್ಯಾಟ್ ಆಯ್ಕೆ ಇದ್ದರೆ ಅದರಿಂದಲೇ ಮಾಡಿಸಿ, ತನಗೆ ಬೇಕಾದ ಹಾಗೆ ಮಾಡಿಕೊಳ್ಳುತ್ತದೆ. ಹಾಡುಗಳೆಲ್ಲ ಅಳಿಸಿಹೋಗುತ್ತವೆ ಅನ್ನುವುದನ್ನು ಬೇರೆ ಹೇಳಬೇಕಿಲ್ಲ, ಅಲ್ವಾ?

ಮ್ಯಾಕ್‌ನಿಂದ ಹಾಡು ಹಾಕುವವರಿಗೆ ಇನ್ನೊಂದು ಕಾಟ. ಪ್ರತಿ ಹಾಡೂ ಎರಡೆರಡು ಸಲ ಕಾಣುತ್ತದೆ, ಅದರಲ್ಲೊಂದು ಹಾಡುವುದೇ ಇಲ್ಲ. ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ ಹೆಸರಿನ ಪುಟ್ಟ ಫೈಲುಗಳನ್ನು ಮ್ಯಾಕ್ ತಾನಾಗಿ ಸೇರಿಸುತ್ತದೆ. ಪಾಪದ ಪ್ಲೇಯರ್ ಅವನ್ನೂ ಹಾಡು ಅಂದುಕೊಳ್ಳುತ್ತದೆ. ಅಳಿಸಿ ಹಾಕಿ, ಏನೂ ಆಗಲ್ಲ.

ದಾರಿಯಲ್ಲಿ ಕಟ್ ಆದರೆ

ನನ್ನನ್ನು ಜಾಸ್ತಿ ಸತಾಯಿಸಿದ್ದು ಇದು. ಮನೆಯಲ್ಲಿ ಕೂತು ಗಂಟೆಗಟ್ಟಲೆ ಕೇಳಿದರೂ ತೊಂದರೆ ಇಲ್ಲ. ಬೆಳಗ್ಗೆ ಲಾಲ್‌ಬಾಗ್‌ಗೆ ವಾಕಿಂಗ್ ಹೋದರೆ ಕೆಂಪೇಗೌಡ ಗೋಪುರದ ಬಂಡೆ ಮೇಲೆ ಹತ್ತುತ್ತಿದ್ದ ಹಾಗೇ ಹಾಡು ತುಂಡು ತುಂಡು. ಕೆಳಗಿಳಿದು ರಸ್ತೆಗೆ ಬಂದರೆ ಮತ್ತೆ ಸರಿ. ಬಂಡೆ ಮೇಲೆ ವೈಫೈ ಇಲ್ಲ, ಮೈಕ್ರೋವೇವ್ ಇಲ್ಲ, ಸುತ್ತ ಹತ್ತು ಜನ ಕೂಡ ಇಲ್ಲ. ಅಡ್ಡಿಯೇ ಇಲ್ಲದ ಕಡೆ ಅಡಚಣೆ! ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಮೇಲೆ ನಿಂತು ಹಿಂದಿನ ವರ್ಷವಷ್ಟೇ ಕೊಂಡಿದ್ದ ಹೆಡ್‌ಫೋನನ್ನು ಬಯ್ಯುತ್ತಿದ್ದೆ.

ಒಂದು ಭಾನುವಾರ ಸುಮ್ನೆ ನಿಂತಲ್ಲೇ ತಲೆಯನ್ನು ನಿಧಾನಕ್ಕೆ ತಿರುಗಿಸಿ ನೋಡಿದೆ. ಬಲಕ್ಕೆ ನೋಡಿದರೆ ಹಾಡು ಚೆನ್ನಾಗಿದೆ. ಎಡಕ್ಕೆ ತಿರುಗಿಸಿದರೆ ಕಟ್. ಮತ್ತೆ ಬಲಕ್ಕೆ, ಸರಿ. ಪ್ಲೇಯರ್ ಇದ್ದದ್ದು ಪ್ಯಾಂಟಿನ ಎಡ ಹಿಂಜೇಬಿನಲ್ಲಿ. ಅದನ್ನು ತೆಗೆದು ಬಲಗಡೆ ಮುಂದಿನ ಜೇಬಿಗೆ ಹಾಕಿದೆ. ಆಮೇಲೆ ಒಂದು ಸ್ವರವೂ ತಪ್ಪಲಿಲ್ಲ.

ಕಾರಣ ಹೀಗೆ. ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಸ್ ಅಲೆಗಳ ಮೇಲೆ. ಈ ಅಲೆಗಳನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ನಮ್ಮ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಪ್ಲೇಯರ್ ಎಡ ಹಿಂದಿನ ಜೇಬಿನಲ್ಲಿದ್ದು, ಹೆಡ್‌ಫೋನಿನ ಆಂಟೆನಾ ಬಲಗಿವಿಯ ಕಪ್ಪಿನಲ್ಲಿದ್ದರೆ ನಡುವೆ ಇಡೀ ಮನುಷ್ಯ ಅಡ್ಡ ನಿಂತಿರುತ್ತಾನೆ. ಮನೆಯೊಳಗೆ ಇದು ಗೊತ್ತಾಗದಿರಲು ಕಾರಣ ಗೋಡೆ. ಸೊಂಟದಿಂದ ಹೊರಟ ಅಲೆ ಗೋಡೆಗೆ, ಸೂರಿಗೆ ಬಡಿದು ತಿರುಗಿ ಕಿವಿ ತಲುಪುತ್ತದೆ. ಬಯಲಿನಲ್ಲಿ ಬಡಿದು ವಾಪಸ್ ಬರಲು ಏನೂ ಇಲ್ಲ. ‘ಮನೆಯಲ್ಲಿ ಸರಿ, ಮೈದಾನದಲ್ಲಿ ಕಟ್’ ಅನ್ನುವವರ ಪೈಕಿ ಬಹಳಷ್ಟು ಜನರ ಕಾಯಿಲೆ ಇದೇ.

ಆಂಟೆನಾ ಯಾವ ಕಪ್ಪಿನಲ್ಲಿದೆ ಅಂತ ಡಬ್ಬಿ ಮೇಲೆ ಬರೆದಿರುವುದಿಲ್ಲ. ನಾನು ಮಾಡಿದ ಹಾಗೆ ಬಯಲಿನಲ್ಲಿ ನಿಂತು ಜೇಬು ಬದಲಾಯಿಸಿ ನೋಡುವುದೇ ಸುಲಭ. ನಾಲ್ಕು ಜೇಬು, ನಾಲ್ಕು ನಿಮಿಷ. ಬ್ಯಾಗಿನಲ್ಲಿ ಇಟ್ಟುಕೊಳ್ಳುವವರು ಟಿಫಿನ್ ಡಬ್ಬಿ ನೋಡಿ. ಸ್ಟೀಲ್ ಡಬ್ಬಿಯ ಹಿಂದೆ ಪ್ಲೇಯರ್ ತುರುಕಿದರೆ ಅಲೆಗೆ ಗೋಡೆ ಕಟ್ಟಿದ ಹಾಗೆ. ನಮ್ಮ ಆಫೀಸಿನ ಗೆಳತಿಯೊಬ್ಬರಿಗೆ ಬೆಳಗ್ಗೆ ಬಸ್ಸಿನಲ್ಲಿ ಕಟ್ ಆಗುತ್ತಿತ್ತು, ಸಂಜೆ ಆಗುತ್ತಿರಲಿಲ್ಲ. ಸಂಜೆ ಡಬ್ಬಿ ಬ್ಯಾಗಿನ ತಳದಲ್ಲಿ ಅಡ್ಡಡ್ಡ ಮಲಗಿರುತ್ತಿತ್ತು.

ಜನ ಜಾಸ್ತಿ ಇರುವ ಕಡೆಯ ಕತೆ ಬೇರೆ. ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದಲ್ಲಿ ಬೆಳಗ್ಗೆ ಒಂಬತ್ತಕ್ಕೆ ಲೈನ್ ಬದಲಾಯಿಸಿ ನೋಡಿ. ಸುತ್ತ ನಿಂತವರಲ್ಲಿ ಅರ್ಧ ಜನರ ಕಿವಿಯಲ್ಲಿ ಇಯರ್‌ಬಡ್, ಎಲ್ಲರ ಜೇಬಿನಲ್ಲೂ ಫೋನ್. ಹಳೇ ಮಾದರಿಯ ಬ್ಲೂಟೂತ್ ತನ್ನ 2.4 ಗಿಗಾಹರ್ಟ್ಸ್ ಜಾಗವನ್ನು 79 ಚಾನೆಲ್ ಮಾಡಿಕೊಂಡು, ಸೆಕೆಂಡಿಗೆ 1600 ಸಲ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಸಂಗೀತ ಇಂದಿಗೂ ಹೆಚ್ಚಾಗಿ ಹೀಗೇ ಬರುವುದು. ಗಲಾಟೆ ಇರುವ ಚಾನೆಲ್ ಬಿಟ್ಟು ಜಿಗಿಯುವುದನ್ನೂ ಕಲಿತಿದೆ. ಆದರೆ ಎಲ್ಲ ಕಡೆ ಗಲಾಟೆ ಇದ್ದರೆ ಅದಾದರೂ ಎಲ್ಲಿಗೆ ಜಿಗಿಯಬೇಕು?

ಇಲ್ಲಿ ಕೆಲಸಕ್ಕೆ ಬರುವುದು ಕೋಡೆಕ್ ಸೆಟ್ಟಿಂಗ್. ಪ್ಲೇಯರುಗಳಲ್ಲಿ ಸೋನಿಯವರ ಎಲ್‌ಡ್ಯಾಕ್ ಅನ್ನುವ ಕೋಡೆಕ್ ಇದ್ದರೆ ಅದನ್ನು ‘ಗುಣಮಟ್ಟ ಮೊದಲು’ ಅನ್ನುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವ ಆಸೆ ಎಲ್ಲರಿಗೂ. ಹಾಗಿಟ್ಟರೆ ಸೆಕೆಂಡಿಗೆ 990 ಕಿಲೋಬಿಟ್ ತನಕ ಕಳಿಸಬೇಕು. ಅಷ್ಟು ಹೊರೆ ಹೊತ್ತವನಿಗೆ ಒಂದು ಕಲ್ಲು ಎಡವಿದರೂ ಬೀಳುವ ಭಯ. ‘ಸಂಪರ್ಕ ಮೊದಲು’ ಅಂತ ಇಟ್ಟರೆ 330ಕ್ಕೆ ಇಳಿಯುತ್ತದೆ. ಎಲ್ಲ ಹೆಡ್‌ಫೋನಿಗೂ ಗೊತ್ತಿರುವ ಎಸ್‌ಬಿಸಿ ಕೋಡೆಕ್ ಕೂಡ ಸಾಮಾನ್ಯವಾಗಿ 328ರ ತನಕ ಹೋಗುತ್ತದೆ. ಮೆಟ್ರೋ ಗದ್ದಲದಲ್ಲಿ ನನ್ನ ಕಿವಿಗೆ ಮೂರರ ವ್ಯತ್ಯಾಸವೂ ಗೊತ್ತಾಗಿಲ್ಲ. ಕಟ್ ಆಗುವುದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಇದು ಒಳ್ಳೆಯ ಪರೀಕ್ಷೆಯೂ ಹೌದು. 990ರಲ್ಲಿ ಕಟ್ ಆಗಿ 330ರಲ್ಲಿ ಆಗದಿದ್ದರೆ ಯಂತ್ರಗಳು ಸರಿ ಇವೆ, ಗಾಳಿ ಸರಿ ಇಲ್ಲ.

ಮನೆಯೊಳಗೆ ಕಟ್ ಆದರೆ ಅಡುಗೆಮನೆಯ ಮೈಕ್ರೋವೇವ್ ಓಡುತ್ತಿದೆಯಾ ನೋಡಿ, ಅದೂ 2.45 ಗಿಗಾಹರ್ಟ್ಸ್‌ದೇ. ವೈಫೈ ರೌಟರ್ ಪಕ್ಕದಲ್ಲೇ ಕೂರುತ್ತೀರಾದರೆ ನಿಮ್ಮ ಫೋನ್, ಟಿವಿಗಳನ್ನು 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ. ಯಾರಿಗೂ ತಲೆಗೆ ಹೊಳೆಯದ ಕಾರಣ ಒಂದಿದೆ. ಯುಎಸ್‌ಬಿ 3 ಹಾರ್ಡ್ ಡಿಸ್ಕಿನಿಂದ ಫೈಲ್ ಕಾಪಿ ಆಗುವಾಗ ಆ ಕೇಬಲ್, ಕನೆಕ್ಟರ್ ಸುತ್ತ 2.4 ಗಿಗಾಹರ್ಟ್ಸ್ ಗಲಾಟೆ ಹೊರಬೀಳುತ್ತದೆ. ಪ್ಲೇಯರನ್ನು ಹಾರ್ಡ್ ಡಿಸ್ಕಿನ ಪಕ್ಕದಿಂದ ಎತ್ತಿ ಒಂದು ಮೊಳ ದೂರ ಇಟ್ಟರೆ ಸಾಕು.

ಕನೆಕ್ಟೆಡ್ ಅನ್ನುತ್ತೆ, ಸದ್ದಿಲ್ಲ

ಹೆಡ್‌ಫೋನ್ ಆನ್ ಮಾಡಿದೆ. ಒಳಗಿನ ಹೆಂಗಸು ‘ಕನೆಕ್ಟೆಡ್’ ಅಂದಳು. ಪ್ಲೇಯರ್ ಮಾತ್ರ ಹುಡುಕುತ್ತಲೇ ಇದೆ. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ‘ಕನೆಕ್ಟೆಡ್’. ಅಷ್ಟರಲ್ಲಿ ಕಿವಿಯಲ್ಲಿ ಕಾರ್ಟೂನ್ ಬೆಕ್ಕೊಂದು ಕಿರುಚಿತು. ಒಳಗಿನ ರೂಮಿನಲ್ಲಿ ಮಗಳು ಟ್ಯಾಬ್ ಹಿಡಿದು ಕೂತಿದ್ದಳು. ‘ಅಪ್ಪಾ, ನನ್ ಟ್ಯಾಬ್‌ದು ಸೌಂಡೇ ಬರ್ತಿಲ್ಲ’ ಅಂತ ಅವಳ ದೂರು.

ಹೆಡ್‌ಫೋನುಗಳು ಎದ್ದ ತಕ್ಷಣ ಹಿಂದೆ ಜೊತೆಗಿದ್ದವರನ್ನು ತಾವೇ ಹುಡುಕಿಕೊಂಡು ಹೋಗುತ್ತವೆ. ಯಾರು ಮೊದಲು ಓಗೊಟ್ಟರೋ ಅವರ ಪಾಲು. ಒಂದೇ ಸಲಕ್ಕೆ ಇಬ್ಬರ ಜೊತೆ ಜೋಡಿಯಾಗುವ ಮಲ್ಟಿಪಾಯಿಂಟ್ ಇದ್ದರಂತೂ ಇನ್ನೂ ಗೋಜಲು. ಪ್ಲೇಯರಿನ ಹಾಡು ನಡೆಯುತ್ತಿರುವಾಗ ಫೋನಿಗೆ ಬಂದ ಒಂದು ವಾಟ್ಸಾಪ್ ಸದ್ದು ಹಾಡನ್ನು ತಳ್ಳಿ ಒಳಗೆ ಬರಬಹುದು. ಪ್ಲೇಯರ್ ಇಟ್ಟುಕೊಂಡ ಉದ್ದೇಶವೇ ಹಾಳು. ನಾನು ಮಲ್ಟಿಪಾಯಿಂಟ್ ಆಫ್ ಮಾಡಿಟ್ಟಿದ್ದೇನೆ.

ಮತ್ತೆ ಪೇರ್ ಮಾಡಲೇಬೇಕು ಅಂದರೆ ಎರಡೂ ಕಡೆ ಅಳಿಸಿ. ಬಹಳ ಜನ ಪ್ಲೇಯರಿನಲ್ಲಿ ಮಾತ್ರ ಹೆಡ್‌ಫೋನಿನ ಹೆಸರು ತೆಗೆದು, ಹೆಡ್‌ಫೋನಿನ ನೆನಪು ಹಾಗೇ ಬಿಡುತ್ತಾರೆ. ಒಬ್ಬರ ಹತ್ತಿರ ಹಳೇ ಬೀಗ, ಇನ್ನೊಬ್ಬರ ಹತ್ತಿರ ಹೊಸ ಕೀಲಿಕೈ. ಹೆಡ್‌ಫೋನಿನ ಪೂರ್ತಿ ರೀಸೆಟ್ ಹೇಗೆ ಅನ್ನುವುದು ಮಾಡೆಲಿಗೊಂದು ತರ, ಅದರ ಪುಸ್ತಕ ನೋಡಿ. ಪೇರ್ ಮಾಡುವ ಹೊತ್ತಿಗೆ ಮನೆಯ ಬೇರೆ ಫೋನ್, ಟ್ಯಾಬ್, ಟಿವಿಗಳ ಬ್ಲೂಟೂತ್ ಆಫ್ ಇರಲಿ.

ಹಾಡು ಬರುತ್ತೆ, ಆದರೆ ಹಳೇ ಟೆಲಿಫೋನಿನಲ್ಲಿ ಬಂದ ಹಾಗಿದೆ ಅಂದರೆ ಹೆಡ್‌ಫೋನ್ ಲ್ಯಾಪ್‌ಟಾಪ್ ಜೊತೆಗೂ ಇದೆ, ಅಲ್ಲಿ ಯಾವುದೋ ಮೀಟಿಂಗ್ ಆ್ಯಪ್ ಮೈಕ್ ಹಿಡಿದುಕೊಂಡಿದೆ. ಮೈಕ್ ಬೇಕು ಅಂದ ಕೂಡಲೇ ಬ್ಲೂಟೂತ್ ಸಂಗೀತದ ದಾರಿ ಬಿಟ್ಟು ಫೋನ್ ಕರೆಯ ದಾರಿಗೆ ಇಳಿಯುತ್ತದೆ. ಅಲ್ಲಿ ಸ್ಟೀರಿಯೋ ಇಲ್ಲ. ಆ್ಯಪ್ ಮುಚ್ಚಿ. ಇನ್ನು ಸದ್ದೇ ಕಮ್ಮಿ ಅನ್ನುವವರು ಪ್ಲೇಯರಿನ ವಾಲ್ಯೂಮ್, ಹೆಡ್‌ಫೋನಿನ ವಾಲ್ಯೂಮ್ ಎರಡನ್ನೂ ಬೇರೆ ಬೇರೆಯಾಗಿ ನೋಡಿ. ಕೆಲವು ಜೋಡಿಗಳಲ್ಲಿ ಅವು ಒಂದಕ್ಕೊಂದು ಹೇಳಿಕೊಳ್ಳುವುದಿಲ್ಲ.

ಚಾರ್ಜ್ ಆಗ್ತಿಲ್ಲ

ಸತ್ತೇಹೋಯಿತು ಅಂತ ಎಸೆಯುವ ಮೊದಲು ಕೇಬಲ್ ಬದಲಾಯಿಸಿ. ಅದರಲ್ಲೂ ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಬಿಟ್ಟು, ಒಂದು ತುದಿ ಹಳೇ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಹಾಕಿ. ಟೈಪ್-ಸಿ ಚಾರ್ಜರ್ ಎದುರಿಗೆ ಯಾರೋ ಇದ್ದಾರೆ ಅಂತ ಖಾತ್ರಿಯಾಗದೆ ಕರೆಂಟ್ ಬಿಡುವುದಿಲ್ಲ. ಆ ಖಾತ್ರಿ ಕೊಡಲು ಯಂತ್ರದೊಳಗೆ 5.1 ಕಿಲೋ ಓಮಿನ ಪುಟ್ಟ ರೆಸಿಸ್ಟರುಗಳು ಬೇಕು. ಕೆಲವು ಅಗ್ಗದ ಪ್ಲೇಯರ್, ಇಯರ್‌ಬಡ್ ಡಬ್ಬಿಗಳಲ್ಲಿ ಕಾಸು ಉಳಿಸಲು ಅದನ್ನೇ ಬಿಟ್ಟಿರುತ್ತಾರೆ. ಚಪ್ಪಟೆ ಯುಎಸ್‌ಬಿಗೆ ಈ ಮಡಿವಂತಿಕೆ ಇಲ್ಲ, ಚುಚ್ಚಿದರೆ 5 ವೋಲ್ಟ್ ಬಂದೇ ಬರುತ್ತದೆ.

ಪವರ್ ಬ್ಯಾಂಕಿನಲ್ಲಿ ಅರ್ಧಕ್ಕೇ ನಿಲ್ಲುತ್ತೆ ಅಂದರೆ ಹೆಡ್‌ಫೋನ್ ಎಳೆಯುವ ಕರೆಂಟ್ ತೀರಾ ಕಮ್ಮಿ ಇರುತ್ತದೆ. ಕೆಲಸ ಮುಗಿಯಿತು ಅಂದುಕೊಂಡು ಪವರ್ ಬ್ಯಾಂಕ್ ಮಲಗಿಬಿಡುತ್ತದೆ. ತಿಂಗಳುಗಟ್ಟಲೆ ಬೀರುವಿನಲ್ಲಿದ್ದದ್ದು ಚುಚ್ಚಿದ ತಕ್ಷಣ ಲೈಟ್ ತೋರಿಸದಿದ್ದರೆ ಅರ್ಧ ಗಂಟೆ ಹಾಗೇ ಬಿಡಿ. ಇಯರ್‌ಬಡ್ ಒಂದು ಮಾತ್ರ ಚಾರ್ಜ್ ಆಗದಿದ್ದರೆ ಚಿನ್ನದ ಬಣ್ಣದ ಚುಕ್ಕಿಗಳನ್ನು ನೋಡಿ. ಬೆವರು ಒಣಗಿ ಪದರ ಕಟ್ಟಿರುತ್ತದೆ, ಮಂಗಳೂರು ಕಡೆಯವರಿಗೆ ಇದು ಬೇಗ. ಐಸೊಪ್ರೊಪೈಲ್ ಆಲ್ಕೋಹಾಲ್ ತುಸು ಹತ್ತಿಗೆ ಹಾಕಿ ಒರೆಸಿ. ಪ್ಲೇಯರಿನ ಬೆನ್ನು ಉಬ್ಬಿದ್ದರೆ ಮಾತ್ರ ಯಾವ ಪ್ರಯೋಗವೂ ಬೇಡ. ಬ್ಯಾಟರಿ ಊದಿಕೊಂಡಿದೆ. ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ, ರಿಪೇರಿಯವರ ಕೈಗೆ ಕೊಡಿ.

ದಿನಾ ಸರಿಯಾಗಿ ಅರ್ಧ ಗಂಟೆಗೇ ಪ್ಲೇಯರ್ ನಿಲ್ಲುತ್ತೆ ಅಂತ ಒಬ್ಬರು ಹೊಸ ಬ್ಯಾಟರಿ ಹಾಕಿಸಲು ಹೊರಟಿದ್ದರು. ಮೆನು ತೆರೆದು ನೋಡಿದರೆ ಸ್ಲೀಪ್ ಟೈಮರ್ 30 ನಿಮಿಷಕ್ಕೆ ಆನ್ ಇತ್ತು.

ಹೆಸರಿನ ಜಾಗದಲ್ಲಿ ಚೌಕ

ಹಾಡಿನ ಹೆಸರು ಚೌಕ ಚೌಕವಾಗಿ ಕಂಡರೆ ಪ್ಲೇಯರಿನಲ್ಲಿ ಕನ್ನಡ ಫಾಂಟ್ ಇಲ್ಲ. ಅಕ್ಷರ ಬಂದು ಒತ್ತು, ಕೊಂಬುಗಳೆಲ್ಲ ಬಿಡಿಬಿಡಿಯಾಗಿ ನಿಂತರೆ ಫಾಂಟ್ ಇದೆ, ಜೋಡಿಸುವ ಬುದ್ಧಿ ಇಲ್ಲ. ಎರಡಕ್ಕೂ ನಾವು ಮಾಡುವಂಥದ್ದು ಕಮ್ಮಿ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವುದೇ ದಾರಿ. ವಿಚಿತ್ರ ಇಂಗ್ಲಿಷ್ ಚಿಹ್ನೆಗಳ ಸಾಲು ಕಂಡರೆ ಮಾತ್ರ ಬೇರೆ ವಿಷಯ. ಅದು ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ಯಾರೋ ಟೈಪ್ ಮಾಡಿದ್ದು. ಯೂನಿಕೋಡ್‌ಗೆ ಪರಿವರ್ತಿಸಿ ಮತ್ತೆ ಹಾಕಿ.

ಹಾಡುಗಳ ಸರದಿ ಅದಲುಬದಲಾದರೆ, ಅಗ್ಗದ ಪ್ಲೇಯರುಗಳು ಹೆಸರು ನೋಡುವುದಿಲ್ಲ, ಕಾಪಿಯಾದ ಸರದಿಯಲ್ಲೇ ಹಾಡುತ್ತವೆ. ಯಕ್ಷಗಾನದ ಇಡೀ ರಾತ್ರಿಯ ಪ್ರಸಂಗವನ್ನು ಹತ್ತು ತುಂಡು ಮಾಡಿ ಹಾಕಿದ್ದರೆ ಮೊದಲೇ ಮಂಗಳ, ಆಮೇಲೆ ಒಡ್ಡೋಲಗ! ಫ್ಯಾಟ್‌ಸಾರ್ಟ್ ಅಥವಾ ಡ್ರೈವ್‌ಸಾರ್ಟ್ ಅನ್ನುವ ಸಣ್ಣ ಸಾಫ್ಟ್‌ವೇರ್ ಓಡಿಸಿದರೆ ಸರದಿ ಸರಿಯಾಗುತ್ತದೆ.

ಒಂದು ಕಿವಿಯಲ್ಲಿ ಸದ್ದಿಲ್ಲ

ಇದಕ್ಕೆ ಪರೀಕ್ಷೆ ಒಂದೇ. ಹೆಡ್‌ಫೋನ್ ತಿರುಗಿಸಿ ಹಾಕಿಕೊಳ್ಳಿ, ಎಡದ ಕಪ್ ಬಲಗಿವಿಗೆ. ಸದ್ದಿಲ್ಲದ ಕಡೆಯೂ ಬಲಕ್ಕೆ ಬಂದರೆ ತಪ್ಪು ಹೆಡ್‌ಫೋನಿನದು ಅಥವಾ ಪ್ಲೇಯರಿನದು. ಆಗ ಸೆಟ್ಟಿಂಗಿನಲ್ಲಿ ಬ್ಯಾಲೆನ್ಸ್ ಗೆರೆ ಒಂದು ಕಡೆ ಸರಿದಿದೆಯಾ ನೋಡಿ. ಇಯರ್‌ಬಡ್ ಆದರೆ ಜಾಲರಿ ಕೆಳಮುಖ ಮಾಡಿ ಒಣ ಬ್ರಷ್‌ನಲ್ಲಿ ಉಜ್ಜಿ. ಪಿನ್ನು, ನೀರು ಬೇಡ.

ಅಪ್ಪನಿಗೆ ಹಬ್ಬಕ್ಕೆ ಒಂದು ಪ್ಲೇಯರ್, ಹೆಡ್‌ಫೋನ್ ಕೊಡಿಸಿದ್ದೆ. ಮೂರು ವಾರಕ್ಕೆ ಫೋನ್ ಬಂತು. ‘ಎಡಗಡೆ ಏನೂ ಕೇಳಲ್ಲ ಕಣೋ. ಮೋಸ ಮಾಡಿದಾನೆ ಅಂಗಡಿಯವ.’ ಊರಿಗೆ ಹೋದಾಗ ನಾನೇ ಹಾಕಿ ನೋಡಿದೆ, ಎರಡೂ ಕಡೆ ಚೆನ್ನಾಗಿದೆ. ‘ಅಪ್ಪಾ, ಒಂದ್ನಿಮಿಷ ತಿರುಗ್ಸಿ ಹಾಕ್ಕೊಳ್ಳಿ’ ಅಂದೆ. ಹಾಕಿಕೊಂಡರು. ‘ಈಗ ಯಾವ ಕಡೆ ಕಮ್ಮಿ?’

‘ಎಡಗಡೆನೇ.’

ಕಿವಿಯ ಡಾಕ್ಟರು ಐದು ನಿಮಿಷದಲ್ಲಿ ಗಟ್ಟಿಯಾದ ಗುಗ್ಗೆ ತೆಗೆದು ಟ್ರೇ ಮೇಲಿಟ್ಟು ತೋರಿಸಿದರು. ಅಪ್ಪ ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು, ವಾಲ್ಯೂಮ್ ನಾಲ್ಕು ಗೆರೆ ಇಳಿಸಿದರು.